ನಿರೀಕ್ಷೆ

ಕನ್ನಡದಲ್ಲಿ ಕೆಲವು ಮಾತುಗಳಿಗೆ ಎರಡು ಮನೆಗಳಿವೆ. ‘ನಿರೀಕ್ಷೆ’ ಎಂಬುದು ಅಂಥದೊಂದು ಮಾತು. ಬಸ್ ನಿಲ್ದಾಣದಲ್ಲಿ ನಿಂತವನು ಬಸ್ಸಿನ ನಿರೀಕ್ಷೆಯಲ್ಲಿರುತ್ತಾನೆ. ಪರೀಕ್ಷೆ ಬರೆದವನು ಫಲಿತಾಂಶದ ನಿರೀಕ್ಷೆಯಲ್ಲಿರುತ್ತಾನೆ. ಈ ಮನೆಯಲ್ಲಿ ಅದು ಬಹಳ ಸಾಮಾನ್ಯವಾದ ಮಾತು, ದಿನಕ್ಕೆ ಹತ್ತು ಸಲ ಬಳಸಿ ಸವೆದದ್ದು. ಅದೇ ಮಾತು ಭಾನುವಾರದ ಬೆಳಿಗ್ಗೆ ನಮ್ಮ ಚಿಕ್ಕ ದೇವಾಲಯದಲ್ಲಿ ಮಡಿ ಬಟ್ಟೆ ಉಟ್ಟು ಬಂದು ನಿಲ್ಲುತ್ತದೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿ, ಎಲ್ಲವೂ ಅಳಿದ ಮೇಲೆ ಉಳಿಯತಕ್ಕವೆಂದು ಮೂರನ್ನು ಎಣಿಸುತ್ತಾನೆ: ನಂಬಿಕೆ, ನಿರೀಕ್ಷೆ, ಪ್ರೀತಿ. ಇಂಗ್ಲಿಷಿನವರು ಇಲ್ಲಿ ‘ಹೋಪ್’ ಎನ್ನುತ್ತಾರೆ. ಬಸ್ಸಿಗಾಗಿ ನಿಂತವನಿಗೆ ಅವರಲ್ಲಿ ಬೇರೆ ಮಾತು ಉಂಟು. ನಮ್ಮ ಕನ್ನಡ ಬೈಬಲ್ಲಿನಲ್ಲಿ ಮಾತ್ರ ಆ ದೊಡ್ಡ ಗುಣಕ್ಕೂ ಬಸ್ಸಿಗೆ ಕಾಯುವವನ ಸ್ಥಿತಿಗೂ ಒಂದೇ ಹೆಸರು. ಇದು ಭಾಷಾಂತರದ ಬಡತನವೆಂದು ನಾನು ಒಮ್ಮೆಯೂ ಎಣಿಸಿಲ್ಲ. ಭರವಸೆಯೊಂದು ಕಡೆ, ಕಾಯುವುದೊಂದು ಕಡೆ ಎಂದು ಇವನ್ನು ಬೇರ್ಪಡಿಸುವುದೇ ಕಷ್ಟವೆಂದು ನಮ್ಮ ಮನೆಯ ಅನುಭವವೂ ಹೇಳುತ್ತದೆ.

ಕಾಯುವುದರಲ್ಲಿ ನಮ್ಮ ಹಗರಿಬೊಮ್ಮನಹಳ್ಳಿಯವರು ಅನನುಭವಿಗಳಲ್ಲ. ಹೊಸಪೇಟೆಯಿಂದ ನಮ್ಮೂರಿನ ಮೇಲೆ ಕೊಟ್ಟೂರಿಗೆ ಹೋಗುವ ರೈಲುದಾರಿಯನ್ನೇ ನೋಡಿರಿ. ಪ್ರಯಾಣಿಕರ ಗಾಡಿ ಒಮ್ಮೆ ನಿಂತದ್ದು ಎರಡು ದಶಕಗಳಿಗೂ ಹೆಚ್ಚು ಕಾಲ ಬರಲಿಲ್ಲ. ಈಗ ಬಂತು, ಆಗ ಬಂತು ಎಂದು ಹೇಳುತ್ತ ಒಂದು ತಲೆಮಾರು ಬೆಳೆದು ದೊಡ್ಡದಾಯಿತು. ಕೊನೆಗೆ 2019ರಲ್ಲಿ ಹರಿಹರದವರೆಗೆ ಹೋಗುವ ಗಾಡಿ ಬಂದಾಗ ಕೆಲಸವಿದ್ದವರೂ ಇಲ್ಲದವರೂ ಅದರಲ್ಲಿ ಕುಳಿತು ಬಂದರು. ಇನ್ನು ಮಳೆಯ ಮಾತು ಬೇಡವೇ ಬೇಡ. ಮಾಲವಿ ಜಲಾಶಯಕ್ಕೆ ನೀರು ಬಂದಿದೆಯೇ ಎಂಬುದು ನಮ್ಮಲ್ಲಿ ಕ್ಷೇಮ ಸಮಾಚಾರದಷ್ಟೇ ಸಹಜವಾದ ಪ್ರಶ್ನೆ.

ಆದರೆ ಊರೆಲ್ಲ ಸೇರಿ ಕಾಯುವುದು ಬೇರೆ, ಒಂದು ಮನೆಯವರು ಒಂದು ಹಾಸಿಗೆಯ ಸುತ್ತ ಕಾಯುವುದು ಬೇರೆ. ನಾನು ಬರೆಯಹೊರಟಿರುವುದು ಎರಡನೆಯದನ್ನು.

ನಾನು ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾಗ ನನ್ನ ಅಣ್ಣ ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದವನು ಮೂರನೆಯ ಅಂತಸ್ತಿನಿಂದ ಬಿದ್ದ. ಬೆನ್ನಿನ ಮೂಳೆ ಮುರಿದು ಒಳಗಿನ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಅಲುಗಾಟವಿಲ್ಲ, ಸ್ಪರ್ಶದ ಅರಿವಿಲ್ಲ. ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳ ಮೇಲೆ ಅವನನ್ನು ಮನೆಗೆ ತಂದೆವು. ಕೆಲಸಕ್ಕೆ ಕರೆದುಕೊಂಡು ಹೋದ ಮೇಸ್ತ್ರಿ ಅವನ ಹೆಸರನ್ನು ಎಲ್ಲಿಯೂ ನೋಂದಾಯಿಸಿರಲಿಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿಯೇ ಕಾಯಿದೆ ಆಗಿದೆ. ನೋಂದಣಿಯಾದವನಿಗೆ ನೆರವು ದೊರೆಯುತ್ತದೆ. ನೋಂದಣಿ ಇಲ್ಲದವನು ತಾನು ಕಾರ್ಮಿಕನೆಂಬುದನ್ನೇ ಮೊದಲು ಸಾಬೀತು ಮಾಡಬೇಕು. ಕೊನೆಯ ಆರು ವಾರಗಳ ಕೂಲಿಯೂ ಕೈಗೆ ಬರಲಿಲ್ಲ. ಈ ಭಾಗವನ್ನು ಇಷ್ಟಕ್ಕೇ ಬಿಡುತ್ತೇನೆ. ಓದುವವರಲ್ಲಿ ಅನೇಕರ ಮನೆಗಳಿಗೆ ಇಂಥ ಕಥೆ ಹೊಸದಲ್ಲ.

ಡಾಕ್ಟರು ಹೇಳಿಕಳಿಸಿದ ಮಾತುಗಳು ಎರಡು. ಒಂದು, ಕಾಲಿಗೆ ಬಲ ಬರುವುದೋ ಇಲ್ಲವೋ ಈಗ ಹೇಳಲಾಗದು; ಬರುವುದಿದ್ದರೆ ಬಹುಪಾಲು ಮೊದಲ ಒಂದೆರಡು ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ಎರಡು, ರೋಗಿಯನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಸ್ಪರ್ಶವರಿಯದ ಮೈಯಲ್ಲಿ ಹಾಸಿಗೆ ಹುಣ್ಣಾಗುತ್ತದೆ. ಅದು ಮೂಳೆಯವರೆಗೂ ಇಳಿಯಬಹುದು, ಅದರಿಂದ ಪ್ರಾಣ ಹೋದವರೂ ಉಂಟು. ಮೊದಲನೆಯ ಮಾತನ್ನು ಕೇಳಿ ನಾವು ಅತ್ತೆವು. ಎರಡನೆಯ ಮಾತು ಅಳುವುದಕ್ಕೆ ಬಿಡುವು ಕೊಡಲಿಲ್ಲ.

ಹಗಲು ಹೇಗೋ ನಡೆಯುತ್ತಿತ್ತು. ರಾತ್ರಿಯನ್ನು ನಾವು ಹಂಚಿಕೊಂಡೆವು. ಒಂಬತ್ತಕ್ಕೂ ಹನ್ನೊಂದಕ್ಕೂ ಅಪ್ಪ, ಒಂದಕ್ಕೆ ನಾನು, ಮೂರಕ್ಕೂ ಐದಕ್ಕೂ ಅವ್ವ. ಅವ್ವ ಹೇಗೂ ಐದಕ್ಕೆ ಏಳುವವಳು, ಕೂಲಿಗೆ ಹೋಗುವ ಮುಂಚೆ ರೊಟ್ಟಿ ಬಡಿಯಬೇಕು. ನಾನು ಹನ್ನೊಂದರಿಂದ ಒಂದರವರೆಗೆ ಓದಿಕೊಂಡಿದ್ದು, ಅಣ್ಣನ ಮಗ್ಗುಲು ಬದಲಿಸಿ, ಬೆನ್ನಿನ ಮೇಲೆ ದೀಪ ಹಿಡಿದು ಕೆಂಪಾಗಿದೆಯೇ ನೋಡಿ, ಮಲಗುತ್ತಿದ್ದೆ. ಬಿ.ಎ.ಯ ಚರಿತ್ರೆಯ ಟಿಪ್ಪಣಿಗಳನ್ನೆಲ್ಲ ನಾನು ಓದಿದ್ದು ಆ ಹೊತ್ತಿನಲ್ಲಿ. ಬೈಬಲ್ಲಿನ ಕಾಲದವರು ಇರುಳನ್ನು ಜಾವಗಳಾಗಿ ಭಾಗಮಾಡಿ ಕಾವಲಿಡುತ್ತಿದ್ದರು. ನೂರಮೂವತ್ತನೆಯ ಕೀರ್ತನೆಯಲ್ಲಿ ದೇವರಿಗಾಗಿ ಎದುರು ನೋಡುವ ಮನಸ್ಸನ್ನು ಬೆಳಗಾಗುವುದನ್ನು ಎದುರು ನೋಡುವ ಕಾವಲುಗಾರರಿಗೆ ಹೋಲಿಸಲಾಗಿದೆ. ಚಿಕ್ಕಂದಿನಿಂದ ಅದನ್ನು ಕೇಳುತ್ತಿದ್ದೆ. ಜಾವದ ಪಾಳಿ ನನ್ನದಾದ ಮೇಲೆ ಅದು ಕಿವಿಯಿಂದ ಕೆಳಗಿಳಿಯಿತು. ಕಾವಲುಗಾರನು ಬೆಳಗನ್ನು ಬೇಗ ತರಲಾರ. ಬೆಳಗಾಗುವವರೆಗೆ ಊರಿಗೆ ಏನೂ ಆಗದಂತೆ ನೋಡಿಕೊಳ್ಳುವುದಷ್ಟೇ ಅವನ ಕೈಯಲ್ಲಿರುವುದು. ಮನೆಯ ಮಾತಿನಲ್ಲಿ ಇದಕ್ಕೆ ‘ಕಾಯುವುದು’ ಎನ್ನುತ್ತೇವೆ. ಬಸ್ಸಿಗೆ ಕಾಯುವುದೂ ಕಾಯುವುದೇ, ಹೊಲ ಕಾಯುವುದೂ ಕಾಯುವುದೇ, ದೇವರು ನಮ್ಮನ್ನು ಕಾಯುವುದೂ ಅದೇ. ಕಾದು ಕುಳಿತವನು ಬರಿದೆ ಕುಳಿತವನಲ್ಲವೆಂದು ನಮ್ಮ ಹಿರಿಯರು ಯಾವ ಶಾಸ್ತ್ರವನ್ನೂ ಓದದೆ ಭಾಷೆಯಲ್ಲಿಯೇ ಕಟ್ಟಿಟ್ಟಿದ್ದಾರೆ. ಕೀರ್ತನೆಗಳ ಮೂಲವಾದ ಇಬ್ರಿಯ ಭಾಷೆಯಲ್ಲಿ ಎದುರುನೋಡುವುದಕ್ಕೂ ಭರವಸೆಯಿಡುವುದಕ್ಕೂ ‘ಕಾವಾ’ ಎಂಬ ಒಂದೇ ಧಾತು ಇದೆಯಂತೆ. ಉಚ್ಚಾರಣೆ ನಮ್ಮ ‘ಕಾವ’ಕ್ಕೆ ಹತ್ತಿರವಾಗಿರುವುದು ಆಕಸ್ಮಿಕವೆಂದು ಬಲ್ಲೆ, ಕನ್ನಡದ ಅಧ್ಯಾಪಕರು ನಗಬಾರದು.

ಮೊದಲ ವರ್ಷ ಹೀಗೆ ಹೋಯಿತು. ಕಾಲು ಅಲುಗಲಿಲ್ಲ. ಸಭೆಯಲ್ಲಿ ಎಲ್ಲರೂ ಪ್ರಾರ್ಥಿಸಿದರು. ಶುಕ್ರವಾರದ ಉಪವಾಸ ಕೂಟದಲ್ಲಿ ಅವನ ಹೆಸರು ತಪ್ಪಲಿಲ್ಲ. ಎರಡನೆಯ ವರ್ಷ ಹೆಸರು ಹೇಳುವಾಗ ದನಿ ಸ್ವಲ್ಪ ತಗ್ಗಿತು. ಜನರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಒಂದೇ ಬೇಡಿಕೆಯನ್ನು ನೂರು ವಾರ ಬೇಡುವಾಗ ಬೇಡುವವನಿಗೇ ಸಂಕೋಚವಾಗುತ್ತದೆ. ಸಾಲ ತೀರಿಸದವನು ಮತ್ತೆ ಅದೇ ಮನೆಯ ಬಾಗಿಲಿಗೆ ಹೋದಂತೆ.

ಆ ಸಮಯದಲ್ಲಿ ಹೊರಗಿನಿಂದ ಬಂದ ಬೋಧಕರೊಬ್ಬರನ್ನು ಯಾರೋ ನಮ್ಮ ಮನೆಗೆ ಕರೆತಂದರು. ಅವರು ಬಹಳ ಹೊತ್ತು, ಬಹಳ ಗಟ್ಟಿಯಾಗಿ ಪ್ರಾರ್ಥಿಸಿದರು. ಅಣ್ಣನಿಗೆ ಎದ್ದು ನಿಲ್ಲೆಂದು ಅಪ್ಪಣೆ ಮಾಡಿದರು. ಅವನು ಕೈಗಳಿಂದ ಮಂಚದ ಅಂಚು ಹಿಡಿದು ಮೇಲೇಳಲು ನೋಡಿ ಪಕ್ಕಕ್ಕೆ ವಾಲಿದ. ಹೊರಡುವಾಗ ಅವರು ಅಪ್ಪನನ್ನು ಪಕ್ಕಕ್ಕೆ ಕರೆದು, ಈ ಮನೆಯಲ್ಲಿ ನಂಬಿಕೆ ಸಾಲದು, ಅದಕ್ಕೇ ತಡೆಯಾಗಿದೆ ಎಂದರು. ಅಪ್ಪ ಅಕ್ಷರ ಬಲ್ಲವನಲ್ಲ. ಬೋಧಕರ ಮಾತೆಂದರೆ ವೇದವಾಕ್ಯವೆಂದು ತಿಳಿಯುವವನು. ಆ ರಾತ್ರಿ ತನ್ನ ಪಾಳಿ ಮುಗಿದ ಮೇಲೂ ಮಲಗದೆ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ತನ್ನ ನಂಬಿಕೆ ಎಲ್ಲಿ ಸೋರಿತೆಂದು ಹುಡುಕುತ್ತಿದ್ದನೋ ಏನೋ.

ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅದರಿಂದ ಒಂದು ಉಪಕಾರವಾಯಿತು: ನಾನು ಸುವಾರ್ತೆಗಳನ್ನು, ಪತ್ರಗಳನ್ನು ಪರೀಕ್ಷೆಗೆ ಓದುವಂತೆ ಕುಳಿತು ಓದಿದೆ. ಯೋಹಾನನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಬೇತ್ಸಥಾ ಕೊಳದ ಬಳಿ ಮೂವತ್ತೆಂಟು ವರ್ಷ ರೋಗಿಯಾಗಿ ಮಲಗಿದ್ದವನ ಕಥೆಯಿದೆ. ಯೇಸು ಅವನ ನಂಬಿಕೆಯನ್ನು ಅಳೆಯಲಿಲ್ಲ. ಗುಣವಾಗಬೇಕೆಂಬ ಮನಸ್ಸಿದೆಯೇ ಎಂದು ಮಾತ್ರ ಕೇಳಿದ. ಅದಕ್ಕೂ ಆ ಮನುಷ್ಯ ನೇರ ಉತ್ತರ ಕೊಡದೆ, ತನ್ನನ್ನು ನೀರಿಗಿಳಿಸುವವರು ಯಾರೂ ಇಲ್ಲವೆಂದು ಅಳಲು ತೋಡಿಕೊಂಡ. ಗುಣಪಡಿಸಿದವನು ಯಾರೆಂಬುದೂ ಅವನಿಗೆ ಆಗ ತಿಳಿದಿರಲಿಲ್ಲ. ಇನ್ನೊಂದು ಕಡೆ ಪೌಲನಿದ್ದಾನೆ. ಅವನ ನಂಬಿಕೆ ಸಾಲದೆಂದು ಹೇಳುವ ಧೈರ್ಯ ಯಾವ ಬೋಧಕರಿಗೂ ಇರಲಾರದು. ತನ್ನ ಮೈಯಲ್ಲಿ ನಾಟಿದ ಒಂದು ಮುಳ್ಳನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡೆನೆಂದು ಅವನೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಹೇಳುತ್ತಾನೆ. ಮುಳ್ಳು ಹೋಗಲಿಲ್ಲ. ಕೇಳಿದ್ದು ಸಿಗದವನು ಆ ಧರ್ಮದ ಮೊದಲ ತಲೆಮಾರಿನಲ್ಲಿಯೇ ಇದ್ದ, ಅದನ್ನು ಮುಚ್ಚಿಡದೆ ಪತ್ರದಲ್ಲಿ ಬರೆದ, ಸಭೆ ಆ ಪತ್ರವನ್ನು ಹರಿದೊಗೆಯದೆ ಕಾಪಾಡಿತು. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ‘ಪೌಲಗೂ ಹಂಗ ಆಗಿತ್ತಾ?’ ಎಂದು ಎರಡು ಸಲ ಕೇಳಿದ. ಮಾರನೆಯ ದಿನ ಎಂದಿನಂತೆ ಹೊಲಕ್ಕೆ ಹೋದ.

ತಾಳ್ಮೆಯ ವಿಷಯದಲ್ಲಿಯೂ ಹೀಗೆಯೇ. ತಾಳ್ಮೆಯಿಂದಿರಿ ಎಂದು ಹೇಳುವುದು ಬಹಳ ಸುಲಭ. ಕಷ್ಟವಿಲ್ಲದವರು ಕಷ್ಟದಲ್ಲಿರುವವರಿಗೆ ಕಾಸು ಖರ್ಚಿಲ್ಲದೆ ಕೊಡಬಹುದಾದ ದಾನವದು. ಯಾಕೋಬನ ಪತ್ರದ ಐದನೆಯ ಅಧ್ಯಾಯದಿಂದ ನಮಗೆ ಈ ಉಪದೇಶವನ್ನು ಆಗಾಗ ಓದಿ ಹೇಳುತ್ತಾರೆ: ರೈತನು ಮುಂಗಾರು ಹಿಂಗಾರು ಮಳೆಗಳಿಗಾಗಿ ತಾಳ್ಮೆಯಿಂದ ಕಾಯುವಂತೆ ನೀವೂ ಕಾಯಿರಿ ಎಂಬ ಭಾಗ. ಅದರ ಹಿಂದಿನ ಸಾಲುಗಳನ್ನು ಓದುವವರು ಕಡಮೆ. ಅಲ್ಲಿ ಯಾಕೋಬನು ಹೊಲ ಕೊಯ್ದ ಆಳುಗಳ ಕೂಲಿಯನ್ನು ಹಿಡಿದಿಟ್ಟುಕೊಂಡ ಧನಿಕರನ್ನು ಕಟುವಾಗಿ ಜರೆಯುತ್ತಾನೆ. ಆ ಕೂಲಿಯೇ ಕೂಗುತ್ತಿದೆ ಎನ್ನುತ್ತಾನೆ. ಅನ್ಯಾಯವನ್ನು ಅನ್ಯಾಯವೆಂದು ಹೆಸರಿಟ್ಟು ಕರೆದ ಮೇಲೆ, ಅನ್ಯಾಯಕ್ಕೊಳಗಾದವರ ಕಡೆ ತಿರುಗಿ ತಾಳ್ಮೆಯ ಮಾತು ಆಡುತ್ತಾನೆ. ಆರು ವಾರದ ಕೂಲಿ ಕಳೆದುಕೊಂಡ ಮನೆಯಲ್ಲಿ ಕುಳಿತು ಇದನ್ನು ಓದಿದಾಗ, ಎರಡು ಸಾವಿರ ವರ್ಷಗಳ ಹಿಂದಿನ ಪತ್ರ ನಮ್ಮ ವಿಳಾಸಕ್ಕೇ ಬಂದಂತಿತ್ತು. ಬಾಯಿ ಮುಚ್ಚಿಕೊಂಡಿರುವುದಕ್ಕೆ ತಾಳ್ಮೆ ಎಂಬ ಹೆಸರನ್ನು ಅವನು ಕೊಟ್ಟಿಲ್ಲ. ಅಣ್ಣನ ಅರ್ಜಿಯನ್ನು ನಾನು ಆಮೇಲೆ ಮತ್ತೆ ಬರೆದು ಕಳಿಸಿದೆ.

ಆ ರೈತನ ಹೋಲಿಕೆಯನ್ನೂ ಸ್ವಲ್ಪ ನಿಂತು ನೋಡಬೇಕು. ಪ್ಯಾಲೆಸ್ಟೈನಿನಲ್ಲಿ ಮುಂಗಾರೆಂದರೆ ಅಕ್ಟೋಬರ್–ನವೆಂಬರಿನ ಮಳೆ, ಬಿಸಿಲಿಗೆ ಒಣಗಿದ ನೆಲವನ್ನು ಬಿತ್ತನೆಗೆ ಮೆತ್ತಗೆ ಮಾಡುವುದು. ಹಿಂಗಾರೆಂದರೆ ಮಾರ್ಚ್–ಏಪ್ರಿಲಿನದು, ಕಾಳು ತುಂಬಿಸುವುದು. ನಮ್ಮಲ್ಲಿ ತಿಂಗಳುಗಳು ಬೇರೆ, ಕಥೆ ಒಂದೇ. ಅಪ್ಪ ಎರಡು ಎಕರೆ ಒಣಬೇಸಾಯದ ಹೊಲವನ್ನು ಕೋರಿಗೆ ಮಾಡುತ್ತಾನೆ. ಮೃಗಶಿರ ಮಳೆ ಹನಿದರೆ ಕೂರಿಗೆ ಹೂಡಿ ಬಿತ್ತುತ್ತಾನೆ. ಆಮೇಲೆ ಮುಗಿಲು ನೋಡುತ್ತಾನೆ. ಬಿತ್ತಿ ಆದ ಮೇಲೆ ಕಾಯುವುದಕ್ಕೂ ಬಿತ್ತದೆ ಕಾಯುವುದಕ್ಕೂ ಇರುವ ಅಂತರವನ್ನು ನಮ್ಮ ಕಡೆಯ ಯಾವ ರೈತನಿಗೂ ವಿವರಿಸಬೇಕಾಗಿಲ್ಲ. ಬಿತ್ತದವನಿಗೆ ಮಳೆ ಬಾರದಿದ್ದರೆ ನಷ್ಟವೇನೂ ಇಲ್ಲ. ಬಿತ್ತಿದವನು ಮನೆಯಲ್ಲಿದ್ದ ಕಾಳನ್ನು ಮಣ್ಣಿಗೆ ಹಾಕಿ ಕುಳಿತಿದ್ದಾನೆ, ಅವನ ನಿರೀಕ್ಷೆಗೆ ಬೆಲೆ ತೆತ್ತಾಗಿದೆ. ಬರುವ ಮಳೆಯನ್ನು ಅವನು ಬಲ್ಲನೆಂದಲ್ಲ. 1876ರಿಂದ 78ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮದರಾಸು ಪ್ರಾಂತದಲ್ಲೆಲ್ಲ ಅತಿಯಾಗಿ ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು, ಆಗಲೂ ಬಿತ್ತಿದವರಿದ್ದರು. ಆದ್ದರಿಂದ ಬಿತ್ತಿದವನಿಗೆ ಬೆಳೆ ಬಂದೇ ಬರುತ್ತದೆ ಎಂಬ ಹಗುರವಾದ ಮಾತನ್ನು ನಾನು ಆಡಲಾರೆ. ಆ ಬರ ಮುಗಿದ ಮೇಲೆ ಉಳಿದವರು ಮತ್ತೆ ಬಿತ್ತಿದರು ಎಂಬುದಷ್ಟನ್ನು ಹೇಳಬಲ್ಲೆ.

ಮುಂದಿನದನ್ನು ತಿಳಿಯಬೇಕೆಂಬ ಆಸೆ ಯಾರಿಗಿಲ್ಲ? ವರ್ಷಕ್ಕೊಮ್ಮೆ ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವಾಗ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಒಂದು ಸಾಲು. ಆಮೇಲೆ ವರ್ಷವೆಲ್ಲ ಅದರ ಅರ್ಥದ ಚರ್ಚೆ. ನಮ್ಮ ಪಕ್ಕದ ಮನೆಯ ಅಜ್ಜಿ ಹಿಂದಿನ ವರ್ಷ ಮೈಲಾರದಿಂದ ಬಂದವಳು ನೇರವಾಗಿ ಅಣ್ಣನ ಮಂಚದ ಬಳಿ ಕುಳಿತು, ಕಾರಣಿಕ ಚೆನ್ನಾಗಿದೆ, ನಿನಗೂ ಒಳ್ಳೆಯದಾಗುತ್ತದೆ ಎಂದು ಹೇಳಿಹೋದಳು. ಈ ಅಜ್ಜಿ ಲಿಂಗವಂತರವಳು. ಅಣ್ಣ ಎದ್ದು ನಡೆದರೆ ತಾನು ಕೊಟ್ಟೂರು ಬಸವೇಶ್ವರನ ತೇರಿಗೆ ಬರಿಗಾಲಲ್ಲಿ ನಡೆದು ಹೋಗುವೆನೆಂದು ಹರಕೆ ಹೊತ್ತಿದ್ದಾಳೆ. ಎಪ್ಪತ್ತು ದಾಟಿದ ಮುದುಕಿ, ಮೊಣಕಾಲು ನೋವು ಬೇರೆ. ಬೇಡವೆಂದು ಅವ್ವ ಅಂದದ್ದಕ್ಕೆ, ‘ನಿಮ್ಮ ದೇವ್ರಿಗೆ ನೀವು ಹೇಳ್ರಿ, ನಮ್ಮ ದೇವ್ರಿಗೆ ನಾ ಹೇಳ್ತೀನಿ, ಹುಡುಗ ಅಂತೂ ಒಬ್ಬನ ಐದಾನ’ ಎಂದಳು. ಸಭೆಯ ಕೆಲವರು ಇದನ್ನು ಕೇಳಿ ಮುಖ ಗಂಟಿಕ್ಕಿದರು. ನನಗೆ ಮಾತ್ರ, ಸಭೆಯಲ್ಲಿ ದನಿ ತಗ್ಗಿದ ದಿನಗಳಲ್ಲಿ ದನಿ ತಗ್ಗಿಸದೆ ಉಳಿದ ಈ ಅಜ್ಜಿಯ ಋಣ ದೊಡ್ಡದೆಂದು ಅನ್ನಿಸುತ್ತದೆ.

ಇಲ್ಲಿ ನನಗೆ ನೆನಪಾಗುವವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಅವರ ಮನೆತನದ ಹೆಸರು ನಮ್ಮ ಪಕ್ಕದ ಹಡಗಲಿ ತಾಲೂಕಿನ ಉತ್ತಂಗಿ ಎಂಬ ಊರಿನದು. 1881ರಲ್ಲಿ ಹುಟ್ಟಿ 1962ರಲ್ಲಿ ತೀರಿಕೊಂಡ ಅವರು ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದವರು. ಊರೂರು ತಿರುಗಿ, ಜನರ ಬಾಯಿಂದಲೂ ಓಲೆಗಳಿಂದಲೂ ಸರ್ವಜ್ಞನ ವಚನಗಳನ್ನು ವರ್ಷಗಟ್ಟಲೆ ಕೂಡಿಹಾಕಿ 1924ರಲ್ಲಿ ಅಚ್ಚುಮಾಡಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. ಪಾದ್ರಿಯಾದವನಿಗೆ ಸರ್ವಜ್ಞನೇಕೆ ಎಂದು ಅವರ ಕಾಲದಲ್ಲಿಯೂ ಕೇಳಿದವರಿದ್ದಿರಬೇಕು. ನೆರೆಯವನ ಮಾತಿನಲ್ಲಿರುವ ಸತ್ಯಕ್ಕೆ ಕಿವಿಗೊಟ್ಟುದರಿಂದ ಅವರ ಕ್ರಿಸ್ತಭಕ್ತಿ ಕುಂದಿತೆಂದು ಅವರ ಬಾಳನ್ನು ನೋಡಿದ ಯಾರೂ ಹೇಳಲಾರರು. ಅಜ್ಜಿಯ ಹರಕೆಗೆ ಮುಖ ಗಂಟಿಕ್ಕಿದವರಿಗೆ ನಾನು ಅವರ ಹೆಸರನ್ನು ಹೇಳಿದೆ. ಒಬ್ಬರಿಗೆ ಗೊತ್ತಿತ್ತು, ಉಳಿದವರಿಗೆ ಇಲ್ಲ.

ಅಣ್ಣ ಓದುವ ಬೈಬಲ್ಲಿಗೂ ನಮ್ಮ ಸೀಮೆಯದೇ ಒಂದು ಕಥೆಯಿದೆ. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರುವವರೆಗೆ ನಾವು ಬಳ್ಳಾರಿ ಜಿಲ್ಲೆಯವರು. ಆ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಎಂಬವರು ಬಂದರು. ಆಗ ಅಚ್ಚಾದ ಕನ್ನಡ ವ್ಯಾಕರಣವೇ ಇರಲಿಲ್ಲ. ವಿಲಿಯಂ ಕೇರಿಯವರದು ಸೆರಾಂಪುರದಲ್ಲಿ ಹೊರಬಂದದ್ದು 1817ರಲ್ಲಿ. ಹ್ಯಾಂಡ್ಸ್ ಊರವರ ಬಾಯಿಂದ ಭಾಷೆ ಕಲಿತು ಭಾಷಾಂತರಕ್ಕೆ ಕೈಯಿಟ್ಟರು. ಆಮೇಲೆ ಬಂದು ಸೇರಿದ ವಿಲಿಯಂ ರೀವ್ ಅದೇ ಊರಿನಲ್ಲಿ ಕನ್ನಡ ನಿಘಂಟಿನ ಕೆಲಸ ಮಾಡಿದರು. ಸಂಪೂರ್ಣ ಕನ್ನಡ ಬೈಬಲ್ ಬಳ್ಳಾರಿಯಲ್ಲಿ ಅಚ್ಚಾಗಿ ಹೊರಬಂದದ್ದು 1831ರಲ್ಲಿ. ನಡುವೆ ಇಪ್ಪತ್ತೊಂದು ವರ್ಷ. ಈಗ ನಾವು ಓದುವುದು ಆ ಭಾಷಾಂತರವನ್ನಲ್ಲ. ಹಲವರ ಕೈಯಲ್ಲಿ ತಿದ್ದಿ ಬಂದ ಪಾಠ. ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಮಿಷನರಿಗಳ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಅವು ಇನ್ನೊಂದು ಲೇಖನಕ್ಕಿರಲಿ. ಆದರೆ ಒಂದು ಮಾತಿಗೆ ಸರಿಯಾದ ಕನ್ನಡ ಸಿಗುವವರೆಗೆ ಬಳ್ಳಾರಿಯ ಬಿಸಿಲಿನಲ್ಲಿ ಕುಳಿತ ಮನುಷ್ಯರನ್ನು ನೆನೆದರೆ, ಒಂದು ಪುಸ್ತಕಕ್ಕಾಗಿಯೂ ಜನ ಇಷ್ಟು ಕಾಲ ಕಾಯಬಲ್ಲರೇ ಎಂದು ಬೆರಗಾಗುತ್ತದೆ.

ಅಣ್ಣನಿಗೆ ಹಿಡಿಸುವುದು ಎಂಬತ್ತೆಂಟನೆಯ ಕೀರ್ತನೆ. ಬೇರೆ ಕೀರ್ತನೆಗಳು ಎಷ್ಟೇ ಅಳಲಿನಿಂದ ಶುರುವಾದರೂ ಸಾಮಾನ್ಯವಾಗಿ ಕೊನೆಗೆ ಸ್ತೋತ್ರಕ್ಕೋ ಭರವಸೆಗೋ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲಿಯೇ ನಿಲ್ಲುತ್ತದೆ. ‘ಇದು ಸುಳ್ಳು ಹೇಳಂಗಿಲ್ಲ ನೋಡು ತಮ್ಮಾ’ ಎಂದು ಅವನು ಒಂದು ರಾತ್ರಿ ನನ್ನ ಪಾಳಿಯಲ್ಲಿ ಹೇಳಿದ. ಹಾಗಾದರೆ ಇದನ್ನು ಪ್ರಾರ್ಥನೆಯೆಂದು ಏಕೆ ಸೇರಿಸಿದರೆಂದು ನಾನು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, ‘ದೇವರಿಗೇ ಬೈದಾನಲ್ಲ, ಬ್ಯಾರೆದವರ ಮುಂದ ಬೈದಿಲ್ಲ’ ಎಂದ. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದವನು ಅವನು. ಕೀರ್ತನೆಗಳ ಮೇಲೆ ನಾನು ಓದಿದ ಯಾವ ವ್ಯಾಖ್ಯಾನವೂ ಇದಕ್ಕಿಂತ ಮುಂದೆ ಹೋಗಿಲ್ಲ. ದೂರುವುದಕ್ಕಾದರೂ ಒಬ್ಬನು ಎದುರಿಗಿದ್ದಾನೆಂದು ಎಣಿಸಿ ಮಾತಾಡುವವನು ನಿರೀಕ್ಷೆಯನ್ನು ಪೂರ್ತಿ ಬಿಟ್ಟವನಲ್ಲ. ಬಿಟ್ಟವನು ಸುಮ್ಮನಾಗುತ್ತಾನೆ. ಎರಡನೆಯ ವರ್ಷದ ಮಳೆಗಾಲದಲ್ಲಿ ಅಣ್ಣ ಒಂದು ತಿಂಗಳು ಹಾಗೆ ಸುಮ್ಮನಾಗಿದ್ದ. ಊಟ ಕೇಳುತ್ತಿರಲಿಲ್ಲ, ಬೇಡ ಎನ್ನುತ್ತಲೂ ಇರಲಿಲ್ಲ. ನಮ್ಮ ಮನೆಯ ಅತಿ ಕೆಟ್ಟ ಕಾಲವೆಂದರೆ ಅದು, ಬಿದ್ದ ಸುದ್ದಿ ಬಂದ ದಿನವಲ್ಲ. ಆಗ ನಾವು ಅವನ ಬದಲಿಗೆ ಪ್ರಾರ್ಥಿಸಿದೆವೆನ್ನುವುದಕ್ಕಿಂತ, ಅವನ ಬದಲಿಗೆ ಮಗ್ಗುಲು ಹೊರಳಿಸಿದೆವೆಂದು ಹೇಳುವುದು ಹೆಚ್ಚು ಸರಿ. ಗಡಿಯಾರ ಬಾರಿಸುತ್ತಿತ್ತು, ಯಾರಾದರೊಬ್ಬರು ಏಳುತ್ತಿದ್ದೆವು.

ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಸಭೆ ಆಗಮನ ಕಾಲವೆಂದು ಆಚರಿಸುತ್ತದೆ. ವರ್ಷದಲ್ಲಿ ಕಾಯುವುದಕ್ಕೆಂದೇ ಎತ್ತಿಟ್ಟ ದಿನಗಳು. ಹಿಟ್ಲರನ ವಿರೋಧಿಯಾಗಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿದ್ದ ಡೀಟ್ರಿಕ್ ಬಾನ್‌ಹೋಫರ್ ಎಂಬ ಜರ್ಮನ್ ಪಾದ್ರಿ 1943ರ ನವೆಂಬರಿನಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಸೆರೆಮನೆಯ ಕೋಣೆ ಆಗಮನ ಕಾಲಕ್ಕೆ ಒಳ್ಳೆಯ ಹೋಲಿಕೆಯೆಂದು ಹೇಳಿದ್ದಾರೆ: ಒಳಗಿದ್ದವನು ಅದೂ ಇದೂ ಮಾಡುತ್ತ ಕಾಯುತ್ತಾನೆ, ಬಾಗಿಲು ತೆರೆಯುವುದು ಹೊರಗಿನಿಂದ ಮಾತ್ರ. ಅವರು ಬಯಸಿದ್ದಿರಬಹುದಾದ ರೀತಿಯಲ್ಲಿ ಆ ಬಾಗಿಲು ತೆರೆಯಲಿಲ್ಲ. 1945ರ ಏಪ್ರಿಲ್ 9ರಂದು, ಯುದ್ಧ ಮುಗಿಯಲು ಒಂದು ತಿಂಗಳಿರುವಾಗ, ಅವರನ್ನು ಗಲ್ಲಿಗೇರಿಸಿದರು. ಇದನ್ನು ಅಣ್ಣನಿಗೆ ಹೇಳಬಾರದೆಂದಿದ್ದೆ. ಅವನೇ ಕೇಳಿದ, ಆಮೇಲೆ ಬಿಟ್ಟರಾ ಎಂದು. ಹೇಳಿದೆ. ‘ಅಷ್ಟಾದ್ರೂ ಪತ್ರ ಬರದಾನ’ ಎಂದ.

ಶುಭ ಶುಕ್ರವಾರಕ್ಕೂ ಈಸ್ಟರ್ ಭಾನುವಾರಕ್ಕೂ ನಡುವಿನ ಶನಿವಾರದ ಬಗ್ಗೆ ಸುವಾರ್ತೆಗಳಲ್ಲಿ ಹೆಚ್ಚು ಬರೆದಿಲ್ಲ. ಲೂಕನು ಒಂದು ಸಣ್ಣ ಮಾತು ಹ���ಳುತ್ತಾನೆ: ಹೆಂಗಸರು ಸುಗಂಧ ದ್ರವ್ಯಗಳನ್ನು ಅಣಿಮಾಡಿ, ಸಬ್ಬತ್ತಿನ ದಿನ ಕಟ್ಟಳೆಯ ಪ್ರಕಾರ ವಿಶ್ರಮಿಸಿಕೊಂಡರು. ಅವರಿಗೆ ಮರುದಿನದ ಸುದ್ದಿ ಗೊತ್ತಿರಲಿಲ್ಲ. ಅವರು ಅಣಿಮಾಡಿದ್ದು ಸತ್ತವನ ಮೈಗೆ ಹಚ್ಚುವುದಕ್ಕೆ. ಆದರೂ ಕಟ್ಟಿ ಅಣಿಮಾಡಿದ್ದರಿಂದಲೇ ಭಾನುವಾರ ನಸುಕಿನಲ್ಲಿ ಸಮಾಧಿಯ ಬಳಿಗೆ ಹೋಗುವುದಕ್ಕೆ ಅವರಿಗೊಂದು ಕೆಲಸವಿತ್ತು. ಅವ್ವ ಅಣ್ಣನ ಹಳೆಯ ಚಪ್ಪಲಿಗಳನ್ನು ತಿಂಗಳಿಗೊಮ್ಮೆ ಒರೆಸಿ ಗೂಡಿನಲ್ಲಿಡುತ್ತಾಳೆ. ಡಾಕ್ಟರು ಹೇಳಿದ ಎರಡು ವರ್ಷ ಕಳೆದುಹೋಗಿದೆ, ಅದು ಅವಳಿಗೂ ಗೊತ್ತು. ಏಕೆ ಒರೆಸುತ್ತೀ ಎಂದು ನಾನು ಕೇಳಿಲ್ಲ. ಗಾಲಿಕುರ್ಚಿಗೆ ಅನುಕೂಲವಾಗಲೆಂದು ಹೊಸ್ತಿಲಿನ ಮುಂದೆ ಬಂಡೆ ಹಾಸಿ ಇಳಿಜಾರು ಮಾಡಿಸಿದವಳೂ ಅವಳೇ. ಒಂದೇ ಕೈಯಿಂದ ಈ ಎರಡು ಕೆಲಸಗಳೂ ನಡೆಯುತ್ತವೆ.

ಗಾಲಿಕುರ್ಚಿ ಬಂದ ಮೇಲೆ ಅಣ್ಣ ಹಗಲೆಲ್ಲ ಹೊರಗಿನ ಬೇವಿನ ನೆರಳಿನಲ್ಲಿರುತ್ತಾನೆ. ಅವ್ವನ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಈಗ ಅವನ ಕೈಯಲ್ಲಿದೆ. ಓಣಿಯ ಹುಡುಗರು ಮಗ್ಗಿ ಒಪ್ಪಿಸುವುದಕ್ಕೆ ಅವನ ಮುಂದೆ ಸಾಲು ನಿಲ್ಲುತ್ತಾರೆ. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಶುಕ್ರವಾರದ ಕೂಟದಲ್ಲಿ ಅವನ ಹೆಸರನ್ನು ಈಗಲೂ ಹೇಳುತ್ತಾರೆ, ಅವನೂ ಇತರರ ಹೆಸರುಗಳನ್ನು ಹೇಳುತ್ತಾನೆ. ಹೋದ ತಿಂಗಳು ಅಪ್ಪ ಮಂಚದ ಮೇಲಿನ ತೊಲೆಗೆ ಒಂದು ದಪ್ಪ ಹಗ್ಗ ಕಟ್ಟಿಕೊಟ್ಟ. ಅದನ್ನು ಹಿಡಿದು ಅಣ್ಣ ರಾತ್ರಿ ತಾನೇ ಮಗ್ಗುಲಾಗುವುದನ್ನು ಕಲಿತ. ಪರೀಕ್ಷೆ ಹತ್ತಿರ ಬಂದಿರುವುದರಿಂದ ನನ್ನ ಪಾಳಿಯನ್ನು ತೆಗೆದುಹಾಕಿದ್ದಾನೆ. ಆದರೂ ಮೂರು ವರ್ಷದ ಅಭ್ಯಾಸ; ಒಂದು ಗಂಟೆಗೆ ಎಚ್ಚರವಾಗುತ್ತದೆ, ಕತ್ತಲೆಯಲ್ಲಿ ತೊಲೆಗೆ ಹಗ್ಗ ಬಿಗಿಯುವ ಸದ್ದು ಕೇಳುತ್ತದೆ. ಬರಲೇ ಎಂದು ಕೇಳಿದರೆ, ‘ಮಲಕ್ಕೋ, ನಾ ಹೊಳ್ಳೀನಿ’ ಎನ್ನುತ್ತಾನೆ.